ಕಿವಿ ಮೇಸ್ತ್ರಿ ಗೆದ್ದ ವಾದ

ಕಿವಿ ಮೇಸ್ತ್ರಿ ರಸ್ತೆಯ ಮೇಲೆ ಮಂಡಿಯೂರಿದನೆಂದರೆ ಬೀದಿನಾಯಿ ಕೂಡ ಬೊಗಳುವಂತಿರಲಿಲ್ಲ. ಬೊಗಳಿದರೆ ಅದರ ಅಪ್ಪ ಅಜ್ಜನ ತನಕ ಹೋಗಿ ಬೈಯುತ್ತಿದ್ದ. ನೀರು ಸರಬರಾಜು ಕಚೇರಿಯಲ್ಲಿ ಅವನ ಕೆಲಸವೇ ಅದು: ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟು ಕೇಳಿ ಹೇಳುವುದು. ಕೈಯಲ್ಲಿ ಒಂದು ಉಕ್ಕಿನ ಸಲಾಕೆ, ಅದರ ತಲೆಗೆ ಮರದ ಪುಟ್ಟ ಬಟ್ಟಲು. ಸಲಾಕೆಯ ತುದಿಯನ್ನು ವಾಲ್ವಿನ ಮೇಲೋ ರಸ್ತೆಯ ಮೇಲೋ ಊರಿ, ಬಟ್ಟಲಿಗೆ ಬಲಗಿವಿ ಹಚ್ಚಿ ಕಣ್ಣು ಮುಚ್ಚಿದರೆ, ಅವನಿಗೆ ಮೇಲಿನ ಲೋಕ ಬೇಡ. ಬೀದಿ ಏಳುವ ಮೊದಲು, ಹಾಲಿನವನ ಸೈಕಲ್ಲೂ ಬರದ ಹೊತ್ತಿನಲ್ಲಿ ಹೋಗಿ ಕೇಳುತ್ತಿದ್ದ. ತೆರೆದ ನಲ್ಲಿಯ ಸದ್ದು ಬೇರೆ, ಸವೆದ ವಾಲ್ವಿನ ಸದ್ದು ಬೇರೆ. "ಸೋರಿಕೆ ಉಸಿರು ಎಳೆಯಲ್ಲ, ಬಿಡಲ್ಲ. ಒಂದೇ ಸಮ ಅಳ್ತಾ ಇರುತ್ತೆ" ಎನ್ನುತ್ತಿದ್ದ. ಕೇಳಿ ಎದ್ದವನು ಸೀಮೆಸುಣ್ಣದಲ್ಲಿ ಒಂದು ದುಂಡು ಗೆರೆ ಎಳೆದು, "ಇಲ್ಲಿ ಅಗೀರಿ" ಎಂದು ಬೀಡಿ ಹಚ್ಚಿದನೆಂದರೆ ಮುಗಿಯಿತು. ಅಗೆದರೆ ನೀರು ಅಲ್ಲೇ ಇರುತ್ತಿತ್ತು.

ಅಷ್ಟು ಕೆಲಸ ಬಲ್ಲವನಿಗೆ ಅಷ್ಟೇ ಜಂಬವೂ ಇತ್ತು. ಅದನ್ನು ಮುಚ್ಚಿಟ್ಟು ಹೇಳಿದರೆ ಅವನಿಗೇ ಅನ್ಯಾಯ ಮಾಡಿದ ಹಾಗಾಗುತ್ತದೆ. ಕಂಡದ್ದನ್ನು, ಕೇಳಿದ್ದನ್ನು ಬಿಟ್ಟು ಇನ್ನೇನನ್ನೂ ಅವನು ನಂಬುತ್ತಿರಲಿಲ್ಲ. ನಂಬುವವರನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಹಾಗೆ ಬಿಡದೆ ಹಿಡಿದುಕೊಂಡವರಲ್ಲಿ ಮೊದಲನೆಯವನು ಅವನ ಸ್ವಂತ ಭಾವಮೈದ.

ಹೆಂಡತಿಯ ತಮ್ಮನಾದ ಇವನೂ ಅದೇ ಕಚೇರಿಯಲ್ಲಿ ಪೈಪಿನ ಕೆಲಸಕ್ಕಿದ್ದ. ತೆಳ್ಳಗೆ, ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕಾದಂಥ ಆಳು. ಅದಕ್ಕೇ ಅವನನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಅವನು ಸದಾ ಹಿಡಿದು ಓಡಾಡುತ್ತಿದ್ದ ತಂತಿಗಳೂ ಆ ಹೆಸರಿಗೆ ಒಂದು ಕಾರಣ. ಮೊಣಕೈಯ ಹಾಗೆ ಬಗ್ಗಿಸಿದ ಎರಡು ತಂತಿ. ಎರಡು ಮುಷ್ಟಿಯಲ್ಲಿ ಒಂದೊಂದನ್ನು ಸಡಿಲವಾಗಿ ಹಿಡಿದು, ಮುಂದಕ್ಕೆ ಚಾಚಿ, ನಿದ್ದೆಯಲ್ಲಿ ನಡೆಯುವವನ ಹಾಗೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದ. ನೆಲದಡಿ ನೀರು ಬಂದಲ್ಲಿ ತಂತಿಗಳು ತಾವಾಗಿಯೇ ತಿರುಗಿ ಒಂದನ್ನೊಂದು ಕೂಡುತ್ತವೆ ಎಂದು ಅವನ ನಂಬಿಕೆ. ಮೋಸಗಾರನಲ್ಲ. ಒಂದು ಸುಳ್ಳು ಹೇಳಬೇಕಾದರೂ ಕಿವಿ ಕೆಂಪಾಗಿಸಿಕೊಳ್ಳುವ ಪಾಪದ ಮನುಷ್ಯ. ಅವನು ಮನಸಾರೆ ನಂಬಿದ್ದ, ತಮಾಷೆಯೆಂದರೆ ತಂತಿ ಎಷ್ಟೋ ಸಲ ಸರಿಯಾಗಿಯೂ ಕೂಡುತ್ತಿತ್ತು.

ಒಂದು ಸಲ ಆಟದ ಮೈದಾನದ ಅಂಚಿನಲ್ಲಿ ಮೇಸ್ತ್ರಿಯ ಸಲಾಕೆಗೇ ಏನೂ ಕೇಳಿಸಲಿಲ್ಲ. ಅಲ್ಲಿ ಹಾಕಿದ್ದು ಪ್ಲಾಸ್ಟಿಕ್ ಪೈಪು, ಅದು ಸದ್ದನ್ನು ನುಂಗಿಬಿಡುತ್ತದೆ. ಕಡ್ಡಿ ತಂತಿ ಹಿಡಿದು ಒಂದು ಸುತ್ತು ಬಂದು, ಬೇಲಿಯ ಪಕ್ಕ ನಿಂತ. ಅಗೆದರು. ನೀರಿತ್ತು.

"ಏನಂತೀರಿ ಭಾವ?" ಎಂದು ಕಡ್ಡಿ ಹಲ್ಲು ಬಿಟ್ಟ.

"ಹುಲ್ಲು ನೋಡೋ. ಇಡೀ ಮೈದಾನ ಒಣಗಿದೆ, ಅಲ್ಲಿ ಮಾತ್ರ ಹಸಿರು. ನಿನ್ನ ಕಣ್ಣು ನೋಡ್ತು, ನಿನ್ನ ಕೈ ಅಲ್ಲಾಡ್ತು. ನಿಂಗೇ ಗೊತ್ತಾಗದ ಹಾಗೆ ಅಲ್ಲಾಡ್ತು. ತಂತಿಗೇನೋ ಗೊತ್ತು? ತಂತಿ ಕಣೋ ಅದು, ಬರೀ ತಂತಿ."

"ಕೈಗೆ ಗೊತ್ತಿದ್ರೂ ಗೊತ್ತಿದ್ದ ಹಾಗೇ ಅಲ್ವಾ ಭಾವ?"

"ಹಾಗಾದ್ರೆ ಕೈ ಅನ್ನು. ತರಂಗ, ಕಾಂತಶಕ್ತಿ ಅಂತ ಯಾಕೆ ಬಡ್ಕೋತೀಯ?"

ಇದೇ ಮಾತು ಆ ಮನೆಯಲ್ಲಿ ವರ್ಷಾನುಗಟ್ಟಲೆ ನಡೆಯಿತು. ಕಡ್ಡಿಯದು ಒಂಟಿ ಜೀವ. ರಜೆಯ ದಿನವೆಲ್ಲ ಅಕ್ಕನ ಮನೆಯಲ್ಲೇ ಊಟ. ಮೇಸ್ತ್ರಿ ದಂಪತಿಗೆ ಮಕ್ಕಳಿರಲಿಲ್ಲ. ಮೂರು ಜನರ ಆ ಊಟದ ಮೇಜಿನಲ್ಲಿ ಇಬ್ಬರು ಕಿತ್ತಾಡುವುದು, ಒಬ್ಬಳು ಬಡಿಸುವುದು. ಹಾಗೆಂದು ಅದು ದ್ವೇಷದ ಜಗಳವಲ್ಲ. ಭಾವಮೈದ ಒಂದು ವಾರ ಬರದಿದ್ದರೆ ಮೇಸ್ತ್ರಿಗೆ ಉಂಡದ್ದು ರುಚಿಸುತ್ತಿರಲಿಲ್ಲ, "ಎಲ್ಲಿ ಹೋದ್ನೇ ನಿನ್ನ ತಮ್ಮ, ತಂತಿ ಹಿಡ್ಕೊಂಡು ಸಮುದ್ರಕ್ಕೆ ಇಳಿದುಬಿಟ್ನಾ?" ಎಂದು ಬಾಗಿಲ ಕಡೆ ನೋಡುತ್ತಿದ್ದ. ಅವಳು ನಗುತ್ತಿದ್ದಳು. ಬಹಳ ಕಾಲ ನಗುತ್ತಲೇ ಇದ್ದಳು.

ಆಮೇಲೆ ಆ ಪರೀಕ್ಷೆ ನಡೆಯಿತು. ಹೊಸದಾಗಿ ಬಂದ ಎಂಜಿನಿಯರನ ಕಿವಿಗೆ ಇವರ ವಾದದ ಸುದ್ದಿ ಬಿದ್ದು, ಅವನು "ಒಂದು ಕೈ ನೋಡೇ ಬಿಡೋಣ" ಎಂದ. ಗೋದಾಮಿನ ಹಿಂದಿನ ಅಂಗಳದಲ್ಲಿ ಒಂದೇ ಥರದ ಡ್ರಮ್ಮುಗಳನ್ನು ಸಾಲಾಗಿ ಇಡಿಸಿ, ಕೆಲವಕ್ಕೆ ನೀರು ತುಂಬಿಸಿ, ಕೆಲವನ್ನು ಖಾಲಿ ಬಿಡಿಸಿ, ಎಲ್ಲದರ ಮೇಲೂ ತಗಡು ಮುಚ್ಚಿಸಿದ. ಯಾವುದರಲ್ಲಿ ನೀರಿದೆ ಎಂದು ಕಡ್ಡಿ ಹೇಳಬೇಕು. ಕಚೇರಿಗೆ ಕಚೇರಿಯೇ ಚಹಾ ಲೋಟ ಹಿಡಿದು ನೆರೆದಿತ್ತು. ಕಡ್ಡಿ ಮೈಯೆಲ್ಲ ಬೆವರಿ ಮೂರು ಸಲ ಸುತ್ತಿದ. ತೋರಿಸಿದ್ದರಲ್ಲಿ ಹೆಚ್ಚಿನವು ಖಾಲಿ. ಎಂಜಿನಿಯರ್ ಮರ್ಯಾದೆಗೆ ನಗು ತಡೆದುಕೊಂಡ. ಮೇಸ್ತ್ರಿ ತಡೆದುಕೊಳ್ಳಲಿಲ್ಲ.

"ತಗಡು ತರಂಗ ತಡೀತು ಭಾವ. ಆಮೇಲೆ ನೀವು ಹತ್ರ ನಿಂತ್ರೆ ತಂತಿ ಮುನಿಸ್ಕೊಳ್ಳುತ್ತೆ" ಎಂದು ಕಡ್ಡಿ ಮುಖ ಹುಳ್ಳಗೆ ಮಾಡಿಕೊಂಡು ಹೇಳಿದ. ಆ ಮಾತನ್ನು ಮೇಸ್ತ್ರಿ ಸಾಯುವ ತನಕ ಬಿಡುವಂತಿರಲಿಲ್ಲ. ನೆಂಟರು ಬಂದರೆ ಡ್ರಮ್ಮಿನ ಕಥೆ; ಪಕ್ಕದ ಮನೆಯವರು ಬಂದರೆ ಡ್ರಮ್ಮಿನ ಕಥೆ; ಯಾರೂ ಬರದಿದ್ದರೆ ಕಡ್ಡಿಗೇ ಡ್ರಮ್ಮಿನ ಕಥೆ. ಎದ್ದು ನಿಂತು, ಎರಡು ಚಮಚ ಹಿಡಿದು, ಕಣ್ಣು ಅರೆ ಮುಚ್ಚಿ, ಕಡ್ಡಿ ನಡೆದ ಹಾಗೆ ನಡೆದು ತೋರಿಸುತ್ತಿದ್ದ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಡ್ಡಿಯೂ ನಗುತ್ತಿದ್ದ, ತಟ್ಟೆ ನೋಡಿಕೊಂಡು. ಅವಳು ಮಾತ್ರ ಚಮಚ ಮೇಲೇಳುವ ಹೊತ್ತಿಗೆ ಪಾತ್ರೆ ಎತ್ತಿಕೊಂಡು ಒಳಗೆ ಹೋಗತೊಡಗಿದ್ದಳು. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಅವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆ ಬಾಕಿ ಇರಬೇಕು ಎಂದುಕೊಂಡ ಮೇಸ್ತ್ರಿ.

ಡ್ರಮ್ಮುಗಳು ಕಡ್ಡಿಯ ನಂಬಿಕೆಯನ್ನೇನೂ ಕೆಡಿಸಲಿಲ್ಲ. ಇನ್ನೊಂದು ಕಡೆಗೆ ಹರಿಸಿದವು, ಅಷ್ಟೆ. ಪೇಟೆಯ ಒಂದು ಸಭಾಂಗಣದಲ್ಲಿ ಕೋಟು ತೊಟ್ಟವರು ಬಂದು ಉಪಕರಣ ಮಾರುತ್ತಿದ್ದರು. ಅಲ್ಲಿ ಯಾರೂ ನಗುತ್ತಿರಲಿಲ್ಲ. ಕುರ್ಚಿ ಹಾಕಿ ಕೂರಿಸಿ, "ನಿಮ್ಮಂಥ ಸೂಕ್ಷ್ಮ ಕೈ ಸಾವಿರಕ್ಕೊಬ್ಬರಿಗೆ" ಎನ್ನುತ್ತಿದ್ದರು. ಕಡ್ಡಿಗೆ ಅಷ್ಟು ಸಾಕಾಯಿತು. ಮೊದಲು ನೀರಿನ ಲೋಟದ ಕೆಳಗಿಡುವ ಒಂದು ಬಿಲ್ಲೆ ತಂದ. ಅದರಿಂದ ನೀರಿಗೆ ಶಕ್ತಿ ಬರುತ್ತದಂತೆ. ಮೇಸ್ತ್ರಿ ಬಿಲ್ಲೆ ಇಟ್ಟ ಲೋಟ, ಇಡದ ಲೋಟ ಎರಡನ್ನೂ ತಂದು ಅವನ ಕಣ್ಣು ಕಟ್ಟಿ ಕುಡಿಸಿ ಮಾನ ಕಳೆದ. ಆಮೇಲೆ ಬಂದದ್ದು ಅಂಗೈಯಗಲದ ಒಂದು ಬಿಳಿ ಡಬ್ಬಿ. ಒಂದು ಗುಂಡಿ, ಒಂದು ಹಸಿರು ದೀಪ, ಉದ್ದದ ವಯರಿನ ತುದಿಗೆ ಒಂದು ತಗಡಿನ ಬಿಲ್ಲೆ. ನೋವಿರುವಲ್ಲಿ ಬಿಲ್ಲೆ ಇಟ್ಟು ಗುಂಡಿ ಒತ್ತಿದರೆ ಜೀವತರಂಗ ಒಳಗೆ ಹೋಗಿ ಕೆಟ್ಟದ್ದನ್ನೆಲ್ಲ ಕರಗಿಸುತ್ತದೆ ಎಂದು ಕಡ್ಡಿ ಊಟದ ಮೇಜಿನ ಮೇಲೆ ಇಟ್ಟು ವಿವರಿಸಿದ.

ಮೇಸ್ತ್ರಿ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. "ಒಳಗೇನೂ ಓಡ್ತಾ ಇಲ್ಲ ಕಣೋ. ಇದಕ್ಕಿಂತ ನನ್ನ ಹೊಟ್ಟೆ ಹೆಚ್ಚು ಸದ್ದು ಮಾಡುತ್ತೆ. ಇಂಥದ್ದನ್ನ ಮೈಗೆ ಹಚ್ಕೊಳ್ಳೋ ಪೆದ್ದ ಯಾರಿರ್ತಾನೆ ಅಂತ!"

ಬಡಿಸುತ್ತಿದ್ದವಳ ಕೈ ಒಂದು ಗಳಿಗೆ ನಿಂತಿತ್ತು. ಈಗ ನೆನಪಿಸಿಕೊಂಡರೆ ಅದು ಅವನಿಗೆ ಚೆನ್ನಾಗಿ ಕಾಣುತ್ತದೆ. ಆಗ ಕಾಣಲಿಲ್ಲ.

ಆ ಹೊತ್ತಿಗಾಗಲೇ ಅವಳಿಗೆ ಎಡತೋಳಿನ ನೋವು ಶುರುವಾಗಿತ್ತು. ಯಂತ್ರಕ್ಕೆ ಬಟ್ಟೆ ತಳ್ಳಿ ತಳ್ಳಿ ಹಾಗಾಗಿದೆ ಎಂದಳು. ಹೌದಿರಬೇಕು ಎಂದು ಅವನೂ ಒಪ್ಪಿದ. ಎಣ್ಣೆ ಹಚ್ಚಿಕೊಡಲಾ ಎಂದರೆ, "ಬೇಡ, ನಾನೇ ಹಚ್ಕೋತೀನಿ" ಎಂದು ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದಳು. ಮಲಗುವಾಗ ಮಗ್ಗುಲು ಬದಲಾಯಿಸಿದಳು. ಎತ್ತರದ ಕಪಾಟಿನ ಡಬ್ಬಗಳೆಲ್ಲ ಒಂದೊಂದಾಗಿ ಕೆಳಗಿನ ಹಲಗೆಗೆ ಬಂದವು. ಹೊಲಿಗೆ ಯಂತ್ರದ ಸದ್ದಿನಲ್ಲಿ ನಡುನಡುವೆ ತಡೆ ಬರುತ್ತಿತ್ತು. ಎರಡು ಬೀದಿಯಾಚೆ ಯಾರೋ ನಲ್ಲಿ ಸರಿಯಾಗಿ ಮುಚ್ಚಿಲ್ಲ ಎಂದು ಹಾಸಿಗೆಯಲ್ಲಿ ಬೈಯುತ್ತ ಎದ್ದು ಕೂರುತ್ತಿದ್ದ ಮನುಷ್ಯ, ಪಕ್ಕದಲ್ಲೇ ಹಲ್ಲು ಕಚ್ಚಿಕೊಂಡು ಮಲಗಿದ್ದವಳನ್ನು ಕೇಳಿಸಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಅವಳು ಯಂತ್ರದ ಮುಂದೆಯೇ ಕುಸಿದು ಬಿದ್ದಳು. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿ ಅವನಿಗೆ ಹೇಳಿ ಕಳಿಸಿದರು. ಮಂಡಿಗೆ ಹತ್ತಿದ ಕೆಸರಿನ ಸಮೇತ ಓಡಿ ಬಂದವನನ್ನು ಡಾಕ್ಟರಮ್ಮ ಒಳಗೆ ಕರೆದು ಕೂರಿಸಿದಳು. ಎದೆಯಲ್ಲಿ ಗಂಟು. ಬಹಳ ದಿನದ್ದು. ಕಂಕುಳಿಗೆ, ಶ್ವಾಸಕೋಶಕ್ಕೆ, ಎಲುಬಿಗೆ ಹಬ್ಬಿದೆ.

"ಮೊದಲೇ ಬಂದಿದ್ರೆ ತೆಗೆದುಹಾಕಬಹುದಿತ್ತು. ಇಷ್ಟು ದೊಡ್ಡದಾಗೋ ತನಕ ಯಾಕೆ ಬಿಟ್ರಿ? ಅವರು ನಿಮಗೆ ಹೇಳಲೇ ಇಲ್ವಾ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ನೆಲ ಕುಸಿದ ಹಾಗಾಗುವುದು ಎಂದರೇನು ಎಂದು ಅವನಿಗೆ ಆವತ್ತು ತಿಳಿಯಿತು. ನೆಲ ಅಗೆದು ಹೊಟ್ಟೆ ಹೊರೆದವನಾದರೂ ಅದುವರೆಗೆ ತಿಳಿದಿರಲಿಲ್ಲ.

ಉಡುವ ಬಟ್ಟೆ ತರಲು ಮನೆಗೆ ಹೋದ. ಅವಳ ಕನ್ನಡಕ ಹೊಲಿಗೆ ಯಂತ್ರದ ಖಾನೆಯಲ್ಲಿರುತ್ತದೆ ಎಂದು ಅದನ್ನು ಎಳೆದ. ದಾರದ ಉಂಡೆ, ಗುಂಡಿ, ಸೂಜಿಯ ಪೊಟ್ಟಣ. ಅವುಗಳ ಕೆಳಗೆ ನೀಲಿ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟ ಬಿಳಿ ಡಬ್ಬಿ. ತಗಡಿನ ಬಿಲ್ಲೆಗೆ ಅವಳು ತೆಳ್ಳನೆ ಬಟ್ಟೆಯ ಗವಸು ಹೊಲಿದಿದ್ದಳು, ಚರ್ಮಕ್ಕೆ ತಣ್ಣಗೆ ತಾಗದಿರಲೆಂದು. ಗವಸು ಬೆವರಿಗೆ ಹಳದಿಯಾಗಿತ್ತು. ತಿಂಗಳುಗಟ್ಟಲೆ ಹಚ್ಚಿಕೊಂಡಿದ್ದಾಳೆ. ಅವನು ಕನ್ನಡಕ ಮರೆತು ಡಬ್ಬಿಯನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಹೋದ.

ಕಡ್ಡಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಭಾವನ ಕೈಯಲ್ಲಿದ್ದದ್ದನ್ನು ನೋಡಿ ಎದ್ದು ನಿಂತ.

"ನೀನೇ ಕೊಟ್ಟಿದ್ದಾ?"

"ಹ್ಞೂಂ ಭಾವ."

"ಗಂಟು ಇದೆ ಅಂತ ನಿಂಗೆ ಗೊತ್ತಿತ್ತಾ?"

"ಗಂಟು ಅಂತ ಗೊತ್ತಿರಲಿಲ್ಲ. ತೋಳು ನೋವು ಅಂದ್ಳು. ಎಲ್ಲಿ ಅಂತ ನೋಡೋಣ ಅಂತ ತಂತಿ ಹಿಡಿದೆ. ಎಡಗಡೆ ಎದೆ ಹತ್ರ ಬಂದಾಗ ಕೂಡಿತು. ಜೋರಾಗಿ ಕೂಡಿತು ಭಾವ, ನಂಗೇ ಹೆದರಿಕೆ ಆಯ್ತು. ಅದಕ್ಕೇ ಡಬ್ಬಿ ಕೊಟ್ಟೆ. ದಿನಾ ಹಚ್ಕೋ ಅಂದೆ."

ಮೇಸ್ತ್ರಿಗೆ ತಾನು ಆಗ ಆಡಿದ ಮಾತು ಅಕ್ಷರ ಅಕ್ಷರವಾಗಿ ನೆನಪಿದೆ. ಮರೆಯಲು ಮಾಡಿದ ಪ್ರಯತ್ನವೆಲ್ಲ ವ್ಯರ್ಥ.

"ತಂತಿ ಕೂಡಲಿಲ್ಲ ಕಣೋ. ನೀನು ಕೂಡಿಸಿದೆ. ಅವಳು ನೋವಿಗೆ ಮುಖ ಕಿವುಚಿದ್ದನ್ನ ನಿನ್ನ ಕಣ್ಣು ನೋಡ್ತು, ನಿನ್ನ ಕೈ ತಿರುಗ್ತು. ಹುಲ್ಲು ನೋಡಿದ ಹಾಗೆ. ಅಂದ್ರೆ ನಿಂಗೆ ಗೊತ್ತಿತ್ತು. ಎಲ್ಲರಿಗಿಂತ ಮೊದಲು ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರ ಹತ್ರ ಕರ್ಕೊಂಡು ಹೋಗದೆ ಆಟದ ಸಾಮಾನು ಕೊಟ್ಟು ಕೂರಿಸಿದೆ. ಕೊಂದುಬಿಟ್ಟೆ ಅವಳನ್ನ."

ಕಡ್ಡಿ ವಾದ ಮಾಡಲಿಲ್ಲ. ಬಾಯಿ ಸ್ವಲ್ಪ ತೆರೆದು, ತನ್ನ ಎರಡೂ ಅಂಗೈಗಳನ್ನು ಮೇಲಕ್ಕೆ ಮಾಡಿ ನೋಡಿಕೊಂಡ. ಅವು ತನ್ನವಲ್ಲ ಎಂಬಂತೆ ನೋಡಿಕೊಂಡ. ಆಮೇಲೆ ಬೆಂಚಿನ ಮೇಲಿದ್ದ ಚೀಲವನ್ನೂ ಮರೆತು ಮೆಟ್ಟಿಲಿಳಿದು ಹೋದ.

ಮಂಚ ಬಾಗಿಲ ಪಕ್ಕದಲ್ಲೇ ಇತ್ತು. ಅವಳಿಗೆ ಎಲ್ಲವೂ ಕೇಳಿಸಿತ್ತು.

"ಅವನಿಗೆ ಹಾಗನ್ನಬಾರದಿತ್ತು ನೀವು" ಎಂದಳು.

"ಇನ್ನೇನನ್ಲಿ? ನಂಗೊಂದು ಮಾತು ಹೇಳೋಕೆ ನಿಂಗೇನಾಗಿತ್ತೇ? ಅವನ ಡಬ್ಬಿ ನಂಬ್ಕೊಂಡು ಕೂತ್ಯಲ್ಲ!"

"ನಂಬಿದ್ನೋ ಇಲ್ವೋ ನಂಗೇ ಗೊತ್ತಿಲ್ಲ ಕಣ್ರೀ. ಭಯ ಆಗಿತ್ತು. ದೀಪ ಹತ್ತಿದಾಗ ಭಯ ಸ್ವಲ್ಪ ಕಮ್ಮಿ ಆಗ್ತಿತ್ತು." ಅವಳು ಉಸಿರು ತೆಗೆದುಕೊಂಡಳು. "ಗಂಟಿದೆ ಅಂತ ನಿಮಗೆ ಹೇಳಿದ್ರೆ ಡಬ್ಬಿ ವಿಷಯವೂ ಹೇಳಬೇಕಾಗ್ತಿತ್ತು. ಡಬ್ಬಿ ವಿಷಯ ಹೇಳಿದ್ರೆ ನೀವು ನಗ್ತಿದ್ರಿ. ನನ್ನ ನೋಡಿ ಅಲ್ಲ, ಅವನನ್ನ ನೋಡಿ. ಬಂದೋರು ಹೋದೋರ ಮುಂದೆಲ್ಲ ಅದೇ ಕಥೆ ಆಗ್ತಿತ್ತು. ಡ್ರಮ್ಮಿನ ಕಥೆ ಆದ ಹಾಗೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ನೀವು ಚಮಚ ಹಿಡ್ಕೊಂಡು ಎದ್ದು ನಿಂತಾಗೆಲ್ಲ, ಇವತ್ತು ಬೇಡ ಅನ್ನಿಸ್ತಿತ್ತು."

ಅವನು ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತ. ಜೀವಮಾನವೆಲ್ಲ ತನ್ನ ಮಾತೇ ನಿಜವಾಗಿತ್ತು. ತಂತಿಯಲ್ಲಿ ಏನೂ ಇರಲಿಲ್ಲ, ಡಬ್ಬಿಯಲ್ಲೂ ಏನೂ ಇರಲಿಲ್ಲ. ಆ ನಿಜದ ಎದುರಿಗೆ ಒಂದು ಮಾತು ಆಡಲಾರದೆ ಅವಳು ಯಂತ್ರದ ಖಾನೆಯೊಳಗೆ ಸಾವನ್ನು ಬಚ್ಚಿಟ್ಟುಕೊಂಡಿದ್ದಳು.

ಕೆಲವು ವಾರಗಳ ಬಳಿಕ ಡಾಕ್ಟರಮ್ಮ ಇನ್ನು ಮನೆಯಲ್ಲೇ ಇರಲಿ ಎಂದಳು. ಮೇಸ್ತ್ರಿ ರಜೆ ಹಾಕಿದ. ಹೊಲಿಗೆ ಕೋಣೆಯ ಕಿಟಕಿಗೆ ಬೆಳಕು ಚೆನ್ನಾಗಿ ಬರುತ್ತಿದ್ದರಿಂದ ಮಂಚವನ್ನು ಅಲ್ಲಿಗೇ ಎಳೆದ. ನೋವಿನ ಗುಳಿಗೆಗಳು ಕೆಲಸ ಮಾಡುತ್ತಿದ್ದವು, ಆದರೆ ಸಂಜೆಯಾಗುತ್ತಿದ್ದಂತೆ ಅವಳಿಗೆ ತಳಮಳ ಹೆಚ್ಚುತ್ತಿತ್ತು. ಒಂದು ಸಂಜೆ, "ಅದನ್ನ ಕೊಡ್ತೀರಾ?" ಎಂದಳು. ಯಾವುದನ್ನು ಎಂದು ಅವನು ಕೇಳಲಿಲ್ಲ. ಡಬ್ಬಿ ತಂದು ಗುಂಡಿ ಒತ್ತಿದರೆ ದೀಪ ಹತ್ತಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಿದ. ಎಷ್ಟೋ ದಿನದಿಂದ ಬಿಚ್ಚಿ ತೋರಿಸಬೇಕೆಂದಿದ್ದ ಡಬ್ಬಿ. ಒಳಗೆ ಎರಡು ಬ್ಯಾಟರಿ, ಒಂದು ಹಸಿರು ಬಲ್ಬು, ಕೈಗೆ ಭಾರವಾಗಿ ಕಾಣಲೆಂದು ಅಂಟಿಸಿದ ಒಂದು ಕಬ್ಬಿಣದ ತುಂಡು. ಬಿಲ್ಲೆಗೆ ಹೋಗುವ ವಯರು ಒಳಗೆ ಯಾವುದಕ್ಕೂ ಸೇರಿಯೇ ಇರಲಿಲ್ಲ; ಬೀಳದಿರಲೆಂದು ಗಂಟು ಹಾಕಿ ಬಿಟ್ಟಿದ್ದರು. ಅವನು ಹೇಳಿದ್ದಕ್ಕಿಂತಲೂ ಹೆಚ್ಚು ನಿಜ. ಬೇರೆ ದಿನವಾಗಿದ್ದರೆ ಅದನ್ನು ತಟ್ಟೆಯಲ್ಲಿಟ್ಟು ಬೀದಿಗೆಲ್ಲ ತೋರಿಸಿಕೊಂಡು ಬರುತ್ತಿದ್ದ. ಅವನು ಬ್ಯಾಟರಿ ಬದಲಾಯಿಸಿ, ತುಕ್ಕು ಹಿಡಿದ ಕಡೆ ಕೆರೆದು, ಬಲ್ಬಿನ ಕಾಲಿಗೆ ಬೆಸುಗೆ ಹಾಕಿದ. ಮುಚ್ಚಳ ಹಾಕಿ ಒತ್ತಿ ನೋಡಿದ. ಹಸಿರು ದೀಪ ಹತ್ತಿತು.

ಆವತ್ತಿನಿಂದ ಸಂಜೆಯೆಲ್ಲ ಅವನೇ ಬಿಲ್ಲೆ ಹಿಡಿದು ಕೂರುತ್ತಿದ್ದ. ತಗಡು ಒತ್ತಬಾರದೆಂದು ಅವಳ ಪಕ್ಕೆಗೆ ತನ್ನ ಅಂಗೈ ಇಟ್ಟು, ಅದರ ಮೇಲೆ ಬಿಲ್ಲೆ ಇಡುತ್ತಿದ್ದ.

"ಹೇಗಿದೆ?"

"ಬೆಚ್ಚಗಿದೆ." ಕಣ್ಣು ಮುಚ್ಚಿಕೊಂಡು, "ನಿಮ್ಮ ಕೈ ಅಂತ ಗೊತ್ತು. ಇರಲಿ, ತೆಗೀಬೇಡಿ" ಎಂದಳು.

ಮೇಸ್ತ್ರಿ ಇರುವಾಗ ಕಡ್ಡಿ ಆ ಮನೆಗೆ ಬರುತ್ತಿರಲಿಲ್ಲ. ಮೇಸ್ತ್ರಿ ಅಂಗಡಿಗೆ ಹೋದ ಹೊತ್ತು ನೋಡಿ ಬಂದು, ಅಕ್ಕನ ಕಾಲ ಬಳಿ ಕೂತು ಹೋಗುತ್ತಾನೆ ಎಂದು ಪಕ್ಕದ ಮನೆಯವರು ಹೇಳಿದರು. ಮೇಸ್ತ್ರಿ ಅಂಗಡಿಯಲ್ಲಿ ಬೇಕೆಂದೇ ತಡ ಮಾಡತೊಡಗಿದ.

ಕೊನೆಕೊನೆಗೆ ಅವಳ ಮಾತು ಕೇಳಿಸಬೇಕಾದರೆ ಅವನು ಬಗ್ಗಿ ಅವಳ ಬಾಯಿಗೆ ಬಲಗಿವಿ ಹಚ್ಚಬೇಕಾಗುತ್ತಿತ್ತು. ಹಾಗೆ ಒಂದು ಸಂಜೆ ಹೇಳಿದಳು: "ಡಬ್ಬಿಯಿಂದ ನಂಗೆ ಆರಾಮ ಆಯ್ತು ಅಂತ ಅವನಿಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ, ಸಮಾಧಾನಕ್ಕೆ ಹೇಳ್ತೀಯ ಅಂತಾನೆ. ನೀವು ಹೇಳಿದ್ರೆ ನಂಬ್ತಾನೆ. ನೀವು ಯಾವತ್ತೂ ಅವನ ಕಡೆ ಮಾತಾಡಿದವರಲ್ಲವಲ್ಲ."

"ಹೇಳ್ತೀನಿ ಕಣೇ."

"ಅವನಿಗೆ ನಂಬೋಕೆ ಏನಾದ್ರೂ ಬೇಕು. ಇಲ್ದಿದ್ರೆ ಅವನು ನಿಲ್ಲಲ್ಲ."

ಆ ವಾರವೇ ಅವಳು ಹೋದಳು. ಸ್ಮಶಾನಕ್ಕೆ ಕಳಿಸಿಕೊಡಲು ಹೋದ ಜನರ ನಡುವೆ ಕಡ್ಡಿ ಹಿಂದೆ ಎಲ್ಲೋ ನಿಂತಿದ್ದ. ಮೇಸ್ತ್ರಿ ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ.

ಮನೆಯಲ್ಲಿ ಕೂರಲಾರದೆ ಮೇಸ್ತ್ರಿ ಬೇಗನೆ ಕೆಲಸಕ್ಕೆ ಮರಳಿದ. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಗಳು ಸೇರಿಕೊಂಡವು. ಅವನು ಒಲೆಯ ಪಕ್ಕ ನಿಂತೇ ತಿನ್ನುತ್ತಿದ್ದ. ಹೇಳಬೇಕಾದ ಮಾತನ್ನು ದಿನವೂ ಬಾಯಿಪಾಠ ಮಾಡುತ್ತಿದ್ದ. ಕಚೇರಿಯಲ್ಲಿ ಕಡ್ಡಿ ಇವನು ಬಂದರೆ ಗೋದಾಮಿಗೆ ಹೋಗುತ್ತಿದ್ದ, ಗೋದಾಮಿಗೆ ಬಂದರೆ ಅಂಗಳಕ್ಕೆ ಹೋಗುತ್ತಿದ್ದ. ಕೊನೆಗೆ ಮೇಸ್ತ್ರಿಯೇ ಎಂಜಿನಿಯರನ ಬಳಿ ಹೋಗಿ, ಬೇಕರಿ ಬೀದಿಯ ಸೋರಿಕೆಗೆ ತನ್ನ ಜೊತೆ ಅವನನ್ನೇ ಕಳಿಸಬೇಕೆಂದು ಕೇಳಿಕೊಂಡ. ಹಿಂದಿನ ದಿನ ಅವಳ ಕಪಾಟಿನಿಂದ, ಹೊಲಿದ ಅಂಗಿ ತೂಗುಹಾಕುತ್ತಿದ್ದ ಎರಡು ಹ್ಯಾಂಗರ್ ತೆಗೆದು, ಇಕ್ಕಳದಲ್ಲಿ ನೇರ ಮಾಡಿ ಕತ್ತರಿಸಿ, ಮೊಣಕೈಯ ಹಾಗೆ ಬಗ್ಗಿಸಿ ಚೀಲದಲ್ಲಿ ಇಟ್ಟುಕೊಂಡಿದ್ದ.

ಬೆಳಗಿನ ಬೀದಿ ಇನ್ನೂ ಎದ್ದಿರಲಿಲ್ಲ. ಅಗೆಯುವವರು ದೂರದಲ್ಲಿ ಗಾಡಿಯ ಪಕ್ಕ ಚಹಾ ಕುಡಿಯುತ್ತಿದ್ದರು. ಸೋರಿಕೆ ಹುಡುಕುವಂಥದ್ದೇನೂ ಅಲ್ಲ: ಡಾಂಬರಿನ ಬಿರುಕಿನಲ್ಲಿ ತೇವ ಒಡೆದು ಕಾಣುತ್ತಿತ್ತು. ಕಡ್ಡಿ ಕೈಗಳನ್ನು ಜೇಬಿನಲ್ಲಿ ಹಾಕಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಇನ್ನಷ್ಟು ತೆಳ್ಳಗಾಗಿದ್ದ.

ಮೇಸ್ತ್ರಿ ಮಂಡಿಯೂರಿ ಸಲಾಕೆಗೆ ಕಿವಿ ಹಚ್ಚಿದ. ಸ್ಪಷ್ಟವಾಗಿ ಕೇಳಿಸುತ್ತಿತ್ತು, ಒಂದೇ ಸಮ. ಎದ್ದು ಮಂಡಿ ಒರೆಸಿಕೊಂಡ.

"ಏನೂ ಕೇಳಿಸ್ತಾ ಇಲ್ಲ ಕಣೋ. ಕಿವಿ ಮಂದ ಆಗಿದೆ. ನಿನ್ನ ತಂತಿ ತೆಗಿ."

"ಬಿಸಾಕಿದೆ ಭಾವ."

ಮೇಸ್ತ್ರಿ ಚೀಲದಿಂದ ತಂತಿಗಳನ್ನು ತೆಗೆದು ಚಾಚಿದ. ಕಡ್ಡಿ ನೋಡುತ್ತಲೇ ಇದ್ದ, ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಆಗ ಮೇಸ್ತ್ರಿ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದ.

"ಆ ಡಬ್ಬಿಯಿಂದ ನಿನ್ನ ಅಕ್ಕನಿಗೆ ಆರಾಮ ಆಯ್ತು. ನಾನೇ ನೋಡಿದೀನಿ. ದಿನಾ ಸಂಜೆ ನಾನೇ ಹಿಡೀತಿದ್ದೆ. ನೋವು ಕಮ್ಮಿ ಆಗ್ತಿತ್ತು, ನಿದ್ದೆ ಬರ್ತಿತ್ತು. ಅದರಲ್ಲಿ ಏನೋ ಇದೆ ಕಣೋ. ನಾನು ಸುಮ್ನೆ ಹಟ ಮಾಡ್ತಿದ್ದೆ."

ಕಡ್ಡಿ ತಲೆಯೆತ್ತಿ ಭಾವನ ಮುಖ ನೋಡಿದ.

"ಅಕ್ಕ ಹೇಳು ಅಂದ್ಳಾ?"

ಮೇಸ್ತ್ರಿ ತಂತಿಗಳನ್ನು ಇನ್ನಷ್ಟು ಮುಂದಕ್ಕೆ ಚಾಚಿದ.

"ನಿಮಗೆ ಸುಳ್ಳು ಹೇಳೋಕೆ ಬರಲ್ಲ ಭಾವ" ಎಂದ ಕಡ್ಡಿ. ಕೋಪವಿರಲಿಲ್ಲ, ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದ. ಆದರೂ ಕೈ ಚಾಚಿ ತಂತಿ ತೆಗೆದುಕೊಂಡ. ಹಿರಿಯರ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ.

ಮುಂದಕ್ಕೆ ಚಾಚಿ ಹಿಡಿದು ನಡೆದ. ಮೇಸ್ತ್ರಿ ಉಸಿರು ಬಿಗಿಹಿಡಿದು ನೋಡಿದ; ದೇವರನ್ನೂ ಕೇಳಿಕೊಳ್ಳದ ಮನುಷ್ಯ ಎರಡು ಹ್ಯಾಂಗರ್ ತಂತಿಗಳನ್ನು ಕೂಡಿರೋ ಎಂದು ಬೇಡಿಕೊಂಡ. ಕಡ್ಡಿ ತೇವದ ಬಳಿಗೆ ಬಂದ, ತೇವವನ್ನೇ ತುಳಿದು ನಿಂತ. ಚಪ್ಪಲಿಯ ಸುತ್ತ ನೀರು ಒಸರುತ್ತಿತ್ತು. ತಂತಿಗಳು ನೆಟ್ಟಗೆ ಹಾಗೇ ಇದ್ದವು. ಕಣ್ಣು ನೋಡುತ್ತಿತ್ತು, ಕೈ ಅಲ್ಲಾಡಲಿಲ್ಲ.

"ಏನಾದ್ರೂ ಹೇಳೋ" ಎಂದ ಮೇಸ್ತ್ರಿ. "ನಾನು ಹತ್ರ ನಿಂತಿದೀನಿ, ಅದಕ್ಕೆ ಮುನಿಸ್ಕೊಂಡಿದೆ ಅನ್ನು. ಡಾಂಬರು ತರಂಗ ತಡೀತು ಅನ್ನು. ನನ್ನ ಬಯ್ಯಿ ಬೇಕಾದ್ರೆ. ವಾದ ಮಾಡೋ ನನ್ನ ಹತ್ರ."

ಕಡ್ಡಿ ಎರಡೂ ತಂತಿಗಳನ್ನು ಜೋಡಿಸಿ, ಮರ್ಯಾದೆಯಿಂದ ಭಾವನ ಕೈಗೆ ವಾಪಸು ಕೊಟ್ಟ.

"ತಂತಿ ಭಾವ. ಬರೀ ತಂತಿ."

ಆ ಒಂದು ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಮೇಸ್ತ್ರಿ ಎಷ್ಟೋ ವರ್ಷ ಕಾದಿದ್ದ. ಊಟದ ಮೇಜಿನ ಮೇಲೆ, ಅವಳ ಮುಂದೆ, ಒಂದೇ ಒಂದು ಸಲ ಹೇಳಿಸಬೇಕೆಂದು ಎಷ್ಟು ಚಮಚ ಕುಣಿಸಿದ್ದ. ಕೇಳಿಸಿತು. ಅವನ ಕಿವಿ ಮಂದವಾಗಿರಲಿಲ್ಲ, ಚೆನ್ನಾಗಿಯೇ ಕೇಳಿಸಿತು.

ಕಡ್ಡಿ ಅಗೆಯುವವರನ್ನು ಕರೆಯಲು ಗಾಡಿಯ ಕಡೆ ಹೋದ. ಮೇಸ್ತ್ರಿ ತಂತಿಗಳನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೀಮೆಸುಣ್ಣ ತೆಗೆದು ಬಗ್ಗಿದ. ಒದ್ದೆ ರಸ್ತೆಯ ಮೇಲೆ ದುಂಡು ಗೆರೆ ಮೂಡಲಿಲ್ಲ. ಎರಡು ಸಲ ಬರೆದ, ಎರಡು ಸಲವೂ ನೀರಿನಲ್ಲಿ ಅಳಿಸಿಹೋಯಿತು. ಕೊನೆಗೆ ಅಲ್ಲೇ ಕೂತುಬಿಟ್ಟ. ಅವನು ಕೂತ ಕಡೆ ಅಗೆದರೆ ಸಾಕೆಂದು ಅಗೆಯಲು ಬಂದವರಿಗೆ ಗೊತ್ತಾಯಿತು.